ದುರ್ಗಸೀಮೆಯ ದಾರಿಗಳೂ ದ್ವಿಚಕ್ರವೂ

ಬೆಂಗಳೂರು ಬಯಲುಸೀಮೆಯ ಊರೆಂದು ಹೇಳುವುದು ವಾಡಿಕೆಯಾಗಿದೆ. ಬಸವನಗುಡಿ, ಜಯನಗರಗಳ ನೇರವಾದ ಬೀದಿಗಳಲ್ಲಿ ಓಡಾಡುವವರಿಗೆ ಈ ಮಾತನ್ನು ಸಂದೇಹಿಸಲು ಕಾರಣವೂ ಕಾಣದು. ಆದರೆ ನೆಲದ ಏರಿಳಿತವು ತನ್ನ ಕಾಲ ಬಲದಿಂದಲೇ ಗಾಲಿಯನ್ನು ಉರುಳಿಸಿಕೊಂಡು ಹೋಗುವವನಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯಲಾರದು. ಈ ನಗರವು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದ ದಿಣ್ಣೆಯ ಮೇಲೆ ನಿಂತಿದೆ. ದಿಣ್ಣೆಯ ನೈರುತ್ಯದ ಮಗ್ಗುಲು ಅರ್ಕಾವತಿಯ ಕಣಿವೆಯ ಕಡೆಗೆ ಜಾರುತ್ತ ಹೋಗಿ, ಕನಕಪುರದ ಬಳಿಯಲ್ಲಿ ಸುಮಾರು ೬೪೦ ಮೀಟರಿಗೆ ತಗ್ಗುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ನೆಲವು ಪುನಃ ಮೇಲೇಳುತ್ತ, ಮಾಗಡಿಯನ್ನು ಸೇರುವಷ್ಟರಲ್ಲಿ ಬೆಂಗಳೂರಿನ ಎತ್ತರವನ್ನೇ ಮುಟ್ಟುತ್ತದೆ. ಮಾಗಡಿಯ ಮಗ್ಗುಲಲ್ಲಿರುವ ಸಾವನದುರ್ಗದ ನೆತ್ತಿಯ ಎತ್ತರ ೧೨೨೬ ಮೀಟರ್. ಬಯಲೆಂದು ಹೆಸರಾದ ಊರಿನ ಹಿತ್ತಲಿನಲ್ಲಿ ಹೀಗೊಂದು ಗುಡ್ಡಗಾಡಿದೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಸೈಕಲ್ ಸವಾರರಲ್ಲಿ ಗಟ್ಟಿಗರಾದವರು ರಜೆಯ ದಿನ ನಸುಕಿನಲ್ಲಿ ಕನಕಪುರದ ರಸ್ತೆಯನ್ನು ಹಿಡಿದು ಹೊರಟು, ಕನಕಪುರ, ರಾಮನಗರ, ಮಾಗಡಿ, ಸಾವನದುರ್ಗ, ಮಂಚನಬೆಲೆಗಳನ್ನು ಬಳಸಿಕೊಂಡು, ಕೆಂಗೇರಿಯ ಮೇಲೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದುಂಟು. ಈ ಸುತ್ತು ಒಟ್ಟು ಸುಮಾರು ೧೭೦ ಕಿಲೋಮೀಟರ್ ಆಗುತ್ತದೆ. ಮೋಟಾರಿನವನಿಗೆ ಇದು ಅರ್ಧ ದಿನದ ವಿಹಾರ. ಕಾಲ್ನಡೆಯವನಿಗೆ ಐದಾರು ದಿನದ ಪಯಣ. ಸೈಕಲ್ಲಿನವನಿಗೆ ಮಾತ್ರ ಸರಿಯಾಗಿ ಒಂದು ಹಗಲು. ಈ ಒಂದು ಹಗಲೆಂಬ ಅಳತೆಯು ಎಲ್ಲಿಂದ ಬಂದಿತು, ಈ ದಾರಿಗಳು ಯಾರಿಂದ ಯಾವ ಕಾರಣಕ್ಕೆ ತೆರೆಯಲ್ಪಟ್ಟುವು, ಈಗ ಯಾರಿಗೆ ತೆರೆದಿವೆ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ಸುತ್ತಿನ ಎರಡು ತುದಿಗಳನ್ನೂ ಆಳಿದವರು ಯಲಹಂಕ ನಾಡಪ್ರಭುಗಳು. ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡನ ಹೆಸರು ಎಲ್ಲರಿಗೂ ತಿಳಿದುದೇ ಆಗಿದೆ. ಲಾಲ್‌ಬಾಗಿನ ಬಂಡೆಯ ಮೇಲೆ ಈಗಲೂ ನಿಂತಿರುವ ಗೋಪುರವು ಆ ವಂಶದ ಕುರುಹು. ೧೬೩೮ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಕಿತ್ತುಕೊಳ್ಳಲು, ಇಮ್ಮಡಿ ಕೆಂಪೇಗೌಡನು ಹಿಮ್ಮೆಟ್ಟಿದುದು ಈ ಗುಡ್ಡಗಳ ಮರೆಗೇ. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಮಾಗಡಿಯು ರಾಜಧಾನಿಯಾಗಿಯೂ ಸಾವನದುರ್ಗವು ಬೊಕ್ಕಸವಾಗಿಯೂ ಆ ಮನೆತನವನ್ನು ಕಾಪಾಡಿದುವು. ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಇವೆರಡನ್ನೂ ಹಿಡಿದು, ಕೊನೆಯ ಗೌಡನನ್ನು ಶ್ರೀರಂಗಪಟ್ಟಣದ ಸೆರೆಗೆ ಕಳುಹಿಸಿದನು. ಊರು ಕಟ್ಟಿದ ಕೆಂಪೇಗೌಡನ ಸಮಾಧಿಯು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ೨೦೧೫ರಲ್ಲಿ ಬೆಳಕಿಗೆ ಬಂದಿತು. ಬೆಂಗಳೂರಿನ ಅನೇಕ ಬಸ್ಸುಗಳ ಮೇಲೆ ಯಾರ ಹೆಸರಿದೆಯೋ ಆತನು ಮಲಗಿರುವ ಸ್ಥಳವನ್ನು ಊರವರು ಅಷ್ಟು ಕಾಲ ಅರಿಯದೆ ಇದ್ದುದು ಆಶ್ಚರ್ಯವೇ ಸರಿ.

ಆದರೆ ಈ ದಾರಿಗಳ ಕಷ್ಟವನ್ನು ಜಗತ್ತಿಗೆ ತಿಳಿಸಿದುದು ೧೭೯೧ನೆಯ ಇಸವಿಯ ಯುದ್ಧ. ಆ ವರ್ಷ ಮಾರ್ಚಿ ೨೧ರಂದು ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಮುಂದಿನ ಗುರಿ ಶ್ರೀರಂಗಪಟ್ಟಣ. ಅಲ್ಲಿಗೆ ಚನ್ನಪಟ್ಟಣದ ಮೇಲೆ ಹೋಗುವ ರಾಜಮಾರ್ಗವು ನೇರವಾಗಿದ್ದರೂ, ರಾಮಗಿರಿ ಶಿವನಗಿರಿಗಳ ಇಕ್ಕೆಲದಲ್ಲಿ ಟೀಪೂಸುಲ್ತಾನನ ಪಡೆಗಳು ಕಾದುಕೊಂಡಿದ್ದುವು. ಆದುದರಿಂದ ಇಂಗ್ಲಿಷರ ಸೈನ್ಯವು ಮೇ ತಿಂಗಳ ಆರಂಭದಲ್ಲಿ ದಕ್ಷಿಣದ ಬಳಸುದಾರಿಯನ್ನು, ಎಂದರೆ ಕಾನಕಾನಹಳ್ಳಿಯ ದಾರಿಯನ್ನು ಹಿಡಿಯಿತು. ಕಾನಕಾನಹಳ್ಳಿಯೇ ಇಂದಿನ ಕನಕಪುರ. ಬನಶಂಕರಿಯ ಗುಡಿಯ ಮುಂದೆ ಈ ಹೊತ್ತು ಸೈಕಲ್ ಸವಾರನು ಹಿಡಿಯುವ ದಿಕ್ಕೂ ಅದೇ.

ಬಳಸುದಾರಿ ಹಿಡಿದ ಸೈನ್ಯಕ್ಕೆ ಎದುರಾದುದು ಶತ್ರುವಿಗಿಂತ ಹೆಚ್ಚಾಗಿ ನೆಲವೇ. ಹಳ್ಳಗಳು, ಕುರುಚಲು ಕಾಡು, ಬಂಡೆಯ ಏರುಗಳು. ಇವುಗಳ ನಡುವೆ ಭಾರವಾದ ಫಿರಂಗಿಗಳನ್ನು ಎಳೆಯುವ ಎತ್ತುಗಳು. ಟೀಪೂ ಸುಲ್ತಾನನು ಮುಂಚಿತವಾಗಿಯೇ ದಾರಿಯುದ್ದಕ್ಕೂ ಹುಲ್ಲು ಧಾನ್ಯಗಳು ವೈರಿಗೆ ಸಿಕ್ಕದಂತೆ ಸುಡಿಸಿದ್ದನು. ಕಾನಕಾನಹಳ್ಳಿಯನ್ನು ಇಂಗ್ಲಿಷರಿಗೆ ಉಪಯೋಗಬಾರದೆಂದು ಅವನು ಎರಡು ಸಲ ಹಾಳುಮಾಡಿಸಿದನೆಂದು ಗೆಜೆಟಿಯರು ಹೇಳುತ್ತದೆ. ತನ್ನ ಊರನ್ನು ತನ್ನ ದೊರೆಯೇ ಸುಡುವುದನ್ನು ಕಂಡ ಒಕ್ಕಲಿಗರ ಪಾಡು ಯಾವ ಸೇನಾನಿಯ ದಿನಚರಿಯಲ್ಲಿಯೂ ಬಂದಿಲ್ಲ. ಸೈನ್ಯವು ಅರಕೆರೆಯವರೆಗೆ ಹೋಯಿತು, ಕಾದಿತು, ಗೆದ್ದಿತು; ಆದರೂ ಎತ್ತುಗಳು ಸಾವಿರಗಟ್ಟಲೆ ಸತ್ತು, ಅನ್ನವಿಲ್ಲದೆ, ಮಳೆಯಲ್ಲಿ ನೆನೆದು, ಮೇ ತಿಂಗಳ ಕೊನೆಯಲ್ಲಿ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿನ ಕಡೆಗೆ ಹಿಂದಿರುಗಬೇಕಾಯಿತು. ಈ ಹಿಂಜರಿಕೆಯಲ್ಲಿ ಶೂರತನದ ಪಾಲಿಗಿಂತ ಮೇವಿನ ಪಾಲು ದೊಡ್ಡದು. ಇಂದಿಗೂ ಈ ಸುತ್ತಿಗೆ ಹೊರಟವನು ಬುತ್ತಿಯನ್ನೂ ನೀರನ್ನೂ ಮರೆತರೆ ಮಧ್ಯಾಹ್ನದ ಹೊತ್ತಿಗೆ ಕಾರ್ನ್‌ವಾಲಿಸನ ಎತ್ತುಗಳ ಸ್ಥಿತಿಗೆ ಬರುವನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಹಿಂದೆ ದುರ್ಗಗಳನ್ನು ಬಿಟ್ಟು ಮುಂದೆ ಹೋಗಬಾರದೆಂಬ ಪಾಠವನ್ನು ಇಂಗ್ಲಿಷರು ಆಗ ಕಲಿತರು. ಅಕ್ಟೋಬರಿನಲ್ಲಿ ನಂದಿದುರ್ಗವು ಬಿದ್ದಿತು. ಡಿಸೆಂಬರಿನಲ್ಲಿ ಕರ್ನಲ್ ಸ್ಟುವರ್ಟನ ಕೈಕೆಳಗೆ ಒಂದು ತುಕಡಿಯು ಸಾವನದುರ್ಗಕ್ಕೆ ಬಂದಿತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳಾಗಿ ಸೀಳಿ ನಿಂತ, ನಾಲ್ಕು ಕಡೆಯೂ ನುಣುಪಾದ ಬಂಡೆಯಾದ ಈ ಬೆಟ್ಟವನ್ನು ಅಜೇಯವೆಂದೇ ಎಲ್ಲರೂ ನಂಬಿದ್ದರು. ಬುಡದ ಸುತ್ತಲೂ ದಟ್ಟವಾದ ಬಿದಿರ ಮೆಳೆಯಿದ್ದಿತು. ಕಾಡಿನ ಜ್ವರವು ಕೋಟೆಯವರ ಮದ್ದುಗುಂಡಿಗಿಂತಲೂ ಭಯಂಕರವಾಗಿದ್ದಿತು. ಸಾವನದುರ್ಗವೆಂಬ ಹೆಸರನ್ನು ಸಾವಿನ ದುರ್ಗವೆಂದು ಆಗಿನ ಇಂಗ್ಲಿಷರು ಅರ್ಥಮಾಡಿಕೊಂಡುದಕ್ಕೆ ಕಾರಣ ಕನ್ನಡದ ಅಜ್ಞಾನವೊಂದೇ ಅಲ್ಲ. ಬಿದಿರನ್ನು ಕಡಿದು, ಬಂಡೆಗಳ ಮೇಲೆ ಫಿರಂಗಿಯ ದಾರಿಯನ್ನು ಮಾಡುವುದೇ ಮುತ್ತಿಗೆಯ ದೊಡ್ಡ ಕೆಲಸವಾಯಿತು. ದಾರಿ ಆದ ಮೇಲೆ ಕೋಟೆ ಉಳಿಯಲಿಲ್ಲ. ಡಿಸೆಂಬರ್ ೨೧ರಂದು ಲಗ್ಗೆಯಲ್ಲಿ ಬಹು ಬೇಗನೆ ವಶವಾಯಿತು. ಮುಂದಿನ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿಗಳೂ ಕೈಸೇರಿದುವು. ಇಂದು ಸೈಕಲ್ಲಿನವನು ಒಂದು ಮಧ್ಯಾಹ್ನದಲ್ಲಿ ಹಾಯುವ ದುರ್ಗಗಳ ನಡುವಣ ಈ ತುಂಡು ಭೂಮಿಯು ಒಂದು ದೊಡ್ಡ ಸೈನ್ಯವನ್ನು ಮೇ ತಿಂಗಳಿನಿಂದ ಡಿಸೆಂಬರಿನವರೆಗೆ ತಡೆದು ನಿಲ್ಲಿಸಿದ್ದಿತು.

ಯುದ್ಧವು ತೆರೆದ ದಾರಿಯನ್ನು ಆಡಳಿತವು ಭದ್ರಪಡಿಸಿತು. ೧೮೦೦ರಲ್ಲಿ ದಿವಾನ್ ಪೂರ್ಣಯ್ಯನವರು ಕಾಡಿನ ನಡುವೆ ಹೋಗುವ ಹೆದ್ದಾರಿಯ ರಕ್ಷಣೆಗಾಗಿ ಒಂದು ಪೇಟೆಯನ್ನು ಕಟ್ಟಿಸಿ, ರೆಸಿಡೆಂಟನಾದ ಬ್ಯಾರಿ ಕ್ಲೋಸನ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆಯೆಂದು ಕರೆದರು. ಸ್ವಾತಂತ್ರ್ಯದ ತರುವಾಯ ಅದು ರಾಮನಗರವಾಯಿತು. ಆದರೂ ಹಳೆಯ ಹೆಸರು ಭೂಗರ್ಭಶಾಸ್ತ್ರದಲ್ಲಿ ಉಳಿದಿದೆ. ಉತ್ತರದಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ, ಸುಮಾರು ಇನ್ನೂರೈವತ್ತು ಕೋಟಿ ವರ್ಷ ವಯಸ್ಸಿನ ಈ ಬಂಡೆಯ ಪಟ್ಟಿಯನ್ನು ಪಂಡಿತರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಬರೆಯುತ್ತಾರೆ. ೨೦೦೭ರಲ್ಲಿ ರಾಮನಗರವು ಜಿಲ್ಲೆಯಾಯಿತು. ೨೦೨೫ರಲ್ಲಿ ರಾಜ್ಯದ ಸಚಿವಸಂಪುಟವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ನಿರ್ಧರಿಸಿತು. ಜಯನಗರದವರು ತಮ್ಮದೆಂದುಕೊಂಡಿದ್ದ ಹೆಸರು ಹೀಗೆ ದುರ್ಗಗಳ ಪಾಲಿಗೆ ಹೋಯಿತು.

ಇನ್ನು ದ್ವಿಚಕ್ರದ ವಿಷಯ. ಎರಡು ಗಾಲಿಗಳೂ ಸಮನಾಗಿ, ಹಿಂದಿನ ಗಾಲಿಗೆ ಸರಪಳಿಯ ಓಟವುಳ್ಳ ಈಗಿನ ರೂಪದ ಸೈಕಲ್ಲು ೧೮೮೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯ ಕಾರ್ಖಾನೆಯಿಂದ ಹೊರಬಂದಿತು. ೧೮೮೮ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಕಂಡುಹಿಡಿದನು. ಇವೆರಡೂ ಕೂಡಿದ ಮೇಲೆ ಮನುಷ್ಯನು ಒಂದು ಹಗಲಿನಲ್ಲಿ ಎಷ್ಟು ದೂರ ಹೋಗಬಲ್ಲನೆಂಬ ಪ್ರಶ್ನೆಯು ಹೊಸದಾಗಿ ಹುಟ್ಟಿತು. ಉತ್ತರವನ್ನು ಮೊದಲು ಕೊಟ್ಟವರು ಇಟಲಿಯವರು. ೧೮೯೭ನೆಯ ಇಸವಿ ಜೂನ್ ೧೨ರಂದು ಕೆಲವು ಸವಾರರು ರೋಮ್ ನಗರದಿಂದ ಹೊರಟು, ೨೩೦ ಕಿಲೋಮೀಟರ್ ದೂರದ ನೇಪಲ್ಸನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಮುಟ್ಟುವ ಪಂಥ ತೊಟ್ಟರು. ಗುಡ್ಡಗಾಡಿನ ಮಣ್ಣು ರಸ್ತೆಗಳಲ್ಲಿ, ಗೇರುಗಳಿಲ್ಲದ ಭಾರದ ಗಾಡಿಗಳಲ್ಲಿ ಇದನ್ನು ಸಾಧಿಸಿದವರಿಗೆ ಲ್ಯಾಟಿನ್ ಭಾಷೆಯಲ್ಲಿ ಸಾಹಸಿ ಎಂಬರ್ಥದ ಆಡಾಕ್ಸ್ ಎಂಬ ಹೆಸರು ಬಂದಿತು. ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆಂರಿ ದೆಗ್ರಾಂಜನು ೧೯೦೪ರಲ್ಲಿ ಈ ಸವಾರಿಗೆ ಫ್ರಾನ್ಸಿನಲ್ಲಿ ನಿಯಮಗಳನ್ನು ರಚಿಸಿದನು.

ಇದು ಪಂದ್ಯವಲ್ಲ. ಮೊದಲು ಬಂದವನಿಗೆ ಬಹುಮಾನವಿಲ್ಲ, ಕೊನೆಗೆ ಬಂದವನಿಗೆ ಅಪಮಾನವಿಲ್ಲ. ಗೊತ್ತಾದ ಕಾಲದೊಳಗೆ, ಗೊತ್ತಾದ ಠಾಣೆಗಳಲ್ಲಿ ಚೀಟಿಗೆ ಮುದ್ರೆ ಹಾಕಿಸಿಕೊಂಡು, ಹೊರಗಿನ ಸಹಾಯವಿಲ್ಲದೆ ಸುತ್ತನ್ನು ಮುಗಿಸಿದರೆ ಸರಿ. ಇಂದು ಲೋಕದಾದ್ಯಂತ ನಡೆಯುವ ಈ ಸವಾರಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದೆನಿಸುವ ೨೦೦ ಕಿಲೋಮೀಟರಿಗೆ ಹದಿಮೂರೂವರೆ ಗಂಟೆಗಳ ಅವಧಿಯುಂಟು. ಬೆಂಗಳೂರಿನಲ್ಲಿಯೂ ಈ ಶತಮಾನದ ಎರಡನೆಯ ದಶಕದಿಂದ ಇವು ಕ್ರಮವಾಗಿ ನಡೆಯುತ್ತಿವೆ. ಅದಕ್ಕೆ ಮುಂಚೆ, ೨೦೦೮ರ ಡಿಸೆಂಬರಿನಲ್ಲಿ, ಇಲ್ಲಿಂದ ನೀಲಗಿರಿಗೆ ಹಲವು ದಿನಗಳ ಸೈಕಲ್ ಯಾತ್ರೆಯು ಆರಂಭವಾಗಿದ್ದಿತು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಜೂನ್ ತಿಂಗಳಲ್ಲಿ ರೋಮಿನ ಹಗಲು ಹದಿನೈದು ಗಂಟೆಗೂ ಮೀರಿದುದು. ಬೆಂಗಳೂರಿನ ಹಗಲು ಯಾವ ಋತುವಿನಲ್ಲಿಯೂ ಹದಿಮೂರು ಗಂಟೆಯನ್ನು ಮುಟ್ಟುವುದಿಲ್ಲ, ಡಿಸೆಂಬರಿನಲ್ಲಿಯಂತೂ ಹನ್ನೊಂದೂವರೆಗೆ ಇಳಿಯುತ್ತದೆ. ಆದುದರಿಂದ ನಮ್ಮ ದುರ್ಗಸೀಮೆಯ ೧೭೦ ಕಿಲೋಮೀಟರನ್ನು ಇಟಲಿಯವರ ೨೩೦ಕ್ಕೆ ಹೋಲಿಸಿ ಕಡಿಮೆಯೆನ್ನುವವರು ಸೂರ್ಯನ ಲೆಕ್ಕವನ್ನೂ ಬಿಸಿಲಿನ ಲೆಕ್ಕವನ್ನೂ ಸೇರಿಸಿಕೊಳ್ಳುವುದು ನ್ಯಾಯ.

ನಮ್ಮ ನಾಡಿಗೆ ಸೈಕಲ್ಲು ಮೊದಲು ಬಂದುದು ದಂಡಿನ ಪ್ರದೇಶದ ಬಿಳಿಯರ ಸೊಗಸಿಗಾಗಿ. ಆಮೇಲೆ ಕಚೇರಿಯ ಗುಮಾಸ್ತರು, ಶಾಲೆಯ ಮೇಷ್ಟರು, ತಂತಿ ಸಿಪಾಯಿಗಳು ಅದನ್ನು ಏರಿದರು. ಕೊಳ್ಳಲಾರದವರಿಗೆ ಗಂಟೆಗೆ ಇಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಗಳು ಮೂಲೆಮೂಲೆಗೂ ಹುಟ್ಟಿದುವು. ಗದ್ದಿಗೆಯನ್ನು ಮುಟ್ಟಲಾರದ ಹುಡುಗರು ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತರು. ಪುರಸಭೆಯ ಬಿಲ್ಲೆ, ರಾತ್ರಿಯ ದೀಪ, ಇಬ್ಬರು ಕೂರಬಾರದೆಂಬ ಪೋಲೀಸರ ಕಟ್ಟಳೆ ಇವೆಲ್ಲವೂ ಹಳಬರ ನೆನಪಿನಲ್ಲಿ ಇನ್ನೂ ಹಸಿರಾಗಿವೆ. ಸೈಕಲ್ಲಿನ ನಿಜವಾದ ಚರಿತ್ರೆಯು ಈ ಮೋಜಿನಲ್ಲಿಲ್ಲ. ಹಿಂದಿನ ಕ್ಯಾರಿಯರಿನ ಎರಡು ಮಗ್ಗುಲಿಗೂ ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಸುತ್ತಲ ಹಳ್ಳಿಗಳಿಂದ ಬೆಳಗಾಗುವುದರೊಳಗೆ ಪೇಟೆಯ ಬಾಗಿಲಿಗೆ ಬರುತ್ತಿದ್ದವರು, ಸೊಪ್ಪಿನ ಹೊರೆಯವರು, ರೇಷ್ಮೆಗೂಡಿನ ಮೂಟೆಯನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದವರು. ಇವರೇ ಈ ಏರಿಳಿತಗಳನ್ನು ಮೊದಲು ಗಾಲಿಯಿಂದ ಅಳೆದವರು. ಏರಿನಲ್ಲಿ ಅವರು ಇಳಿದು ತಳ್ಳುತ್ತಿದ್ದರು. ಗೇರಿಲ್ಲದ, ಕಬ್ಬಿಣದ ಭಾರದ ಗಾಡಿಗೆ ಅದೇ ಗೇರು. ಅವರ ಹೆಸರಿನಲ್ಲಿ ಯಾವ ಪದಕವೂ ಇಲ್ಲ.

ಈ ಹಳ್ಳಿಗಳೇ ಕ್ರಮೇಣ ನಗರವಾದುವು. ೧೯೪೮ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಜಯನಗರದ ಪ್ರಾರಂಭವಾಯಿತು. ಅಶೋಕಸ್ತಂಭವು ಅದರ ಸಾಕ್ಷಿಯಾಗಿ ನಿಂತಿದೆ. ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆಯು ಸಾರಕ್ಕಿ, ಪುಟ್ಟೇನಹಳ್ಳಿಗಳ ಹೊಲಗಳ ಮೇಲೆ ಎದ್ದಿತು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಅಡಗಿ ಕುಳಿತಿವೆ. ಮೂರು ಊರುಗಳ ಹೆಸರನ್ನು ಇಂಗ್ಲಿಷಿನ ಮೂರು ಅಕ್ಷರಕ್ಕೆ ಇಳಿಸಿದ ಕಚೇರಿಯ ಜಾಣ್ಮೆಯನ್ನು ಮೆಚ್ಚುವುದು ಕಷ್ಟ. ಮಾಗಡಿ ರಸ್ತೆಯಲ್ಲಿ ಮತ್ತೊಂದು ತಾವರೆಕೆರೆಯಿದ್ದು, ಅದು ಇನ್ನೂ ತನ್ನ ಪೂರ್ತಿ ಹೆಸರಿನಿಂದಲೇ ಬಾಳುತ್ತಿದೆ.

ಸವಾರಿಯ ದಿನ ಬನಶಂಕರಿಯ ಗುಡಿಯನ್ನು ದಾಟುವಾಗ ಇನ್ನೂ ಕತ್ತಲು. ಅಲ್ಲಿಂದ ಮೆಟ್ರೋ ರೈಲಿನ ಕಂಬಗಳು ಜೊತೆಯಾಗಿ ಬರುತ್ತವೆ. ೨೦೨೧ರ ಜನವರಿಯಲ್ಲಿ ಆ ಮಾರ್ಗವು ರೇಷ್ಮೆ ಸಂಸ್ಥೆಯವರೆಗೆ ಬೆಳೆಯಿತು. ಅದು ಮುಗಿಯುವಲ್ಲಿಂದ ನಿಜವಾದ ದಾರಿಯು ಮೊದಲಾಗುತ್ತದೆ. ಕಗ್ಗಲೀಪುರ, ಹಾರೋಹಳ್ಳಿಗಳ ಮೇಲೆ ರಸ್ತೆಯು ಅಲೆಅಲೆಯಾಗಿ ಏರುತ್ತ ಇಳಿಯುತ್ತ, ಒಟ್ಟಿನಲ್ಲಿ ಇಳಿಯುತ್ತಲೇ ಹೋಗುತ್ತದೆ. ಎಡಗಡೆ ಬನ್ನೇರುಘಟ್ಟದ ಕಾಡಿನ ಅಂಚು. ತಂಪಾದ ಗಾಳಿ, ತಾಜಾ ಕಾಲು. ಹೊಸಬನು ಇಲ್ಲಿ ಮೈಮರೆತು ವೇಗವಾಗಿ ತುಳಿಯುತ್ತಾನೆ. ಈ ಸುತ್ತಿನ ಮೋಸವೆಲ್ಲ ಇಲ್ಲಿಯೇ ಇರುವುದು. ಇಲ್ಲಿ ಇಳಿದ ಒಂದೊಂದು ಮೀಟರನ್ನೂ ಮಧ್ಯಾಹ್ನದ ಬಿಸಿಲಿನಲ್ಲಿ ಬಡ್ಡಿಯೊಡನೆ ಹಿಂದಕ್ಕೆ ಕೊಡಬೇಕು. ಬೆಟ್ಟದ ಊರಿನಿಂದ ಹೊರಟವನು ಮೊದಲು ಏರಿ ಆಮೇಲೆ ಇಳಿಯುತ್ತಾನೆ. ದಿಣ್ಣೆಯ ಊರಿನವನಿಗೆ ಆ ಭಾಗ್ಯವಿಲ್ಲ.

ಕನಕಪುರದಲ್ಲಿ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿ, ಮಂಚನಬೆಲೆ, ರಾಮನಗರಗಳನ್ನು ಹಾದು ಬರುವ ಈ ನದಿಯ ದಂಡೆಯ ಊರುಗಳನ್ನೇ ಸವಾರನು ಇನ್ನು ಮೇಲುಮುಖವಾಗಿ ಒಂದೊಂದಾಗಿ ಕಾಣುತ್ತ ಹೋಗುವನು. ಕನಕಪುರದಿಂದ ರಾಮನಗರದವರೆಗೆ ಹಿಪ್ಪುನೇರಳೆಯ ತೋಟಗಳು, ಮಾವಿನ ತೋಪುಗಳು, ರಾಗಿಯ ಹೊಲಗಳು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾಖಂಡದಲ್ಲಿಯೇ ಹಿರಿದೆಂದು ಹೆಸರಾದುದು. ಊರಿನ ಮಗ್ಗುಲಿನ ರಾಮದೇವರ ಬೆಟ್ಟವು ೧೯೭೫ರ ಶೋಲೆ ಚಲಚ್ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾಯಿತು. ೨೦೧೨ರಲ್ಲಿ ರಣಹದ್ದುಗಳ ರಕ್ಷಣೆಗಾಗಿ ಅದನ್ನು ಧಾಮವೆಂದು ಘೋಷಿಸಲಾಯಿತು. ಸಿನೆಮದ ಕಳ್ಳರನ್ನು ನೆನೆದು ಅಲ್ಲಿಗೆ ಬರುವವರಲ್ಲಿ ಎಷ್ಟು ಮಂದಿ ತಲೆಯೆತ್ತಿ ಹದ್ದುಗಳನ್ನು ನೋಡುವರೋ!

ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯೇ ಈ ಹಗಲಿನ ಹೃದಯ. ಹೊತ್ತು ನೆತ್ತಿಗೇರಿರುತ್ತದೆ. ಎರಡು ಕಡೆಯೂ ಬಂಡೆಗಳು ಕಾದು, ಬಿಸಿಲು ಮೇಲಿನಿಂದಲೂ ಪಕ್ಕದಿಂದಲೂ ಬಡಿಯುತ್ತದೆ. ಇಟಲಿಯ ಪರ್ವತಗಳಂತೆ ಗಂಟೆಗಟ್ಟಲೆ ಏರುವ ಒಂದೇ ದೊಡ್ಡ ಏರು ಇಲ್ಲಿಲ್ಲ. ಇರುವುದು ಚಿಕ್ಕ ಚಿಕ್ಕ ಏರುಗಳ ಮುಗಿಯದ ಮಾಲೆ. ಒಂದನ್ನು ದಾಟಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಳ್ಳ, ಹಳ್ಳದಾಚೆ ಇನ್ನೊಂದು. ದೊಡ್ಡ ಏರಿನಲ್ಲಿ ಕಾಲು ಒಂದು ಲಯಕ್ಕೆ ಒಗ್ಗುತ್ತದೆ. ಇಲ್ಲಿ ಲಯವೇ ಹುಟ್ಟುವುದಿಲ್ಲ. ಗೇರಿನ ಉಪಕಾರವು ತಿಳಿಯುವುದು ಇಂತಹ ಕಡೆಯಲ್ಲಿಯೇ. ಹಿಮದಲ್ಲಿ ಬೆರಳು ಮರಗಟ್ಟಿ, ಗಾಲಿಯ ತಿರುಪನ್ನು ಸಡಿಲಿಸಲಾರದೆ ಪಂದ್ಯವನ್ನು ಕಳೆದುಕೊಂಡ ಇಟಲಿಯ ತುಲಿಯೊ ಕಂಪಾನ್ಯೊಲೊ ಎಂಬ ಸವಾರನು ಒಂದೇ ಸನ್ನೆಯಿಂದ ಗಾಲಿಯನ್ನು ಬಿಚ್ಚುವ ಸಾಧನವನ್ನು ೧೯೩೦ರಲ್ಲಿ ಮಾಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ಹಾರಿಸುವ ಗೇರನ್ನು ೧೯೩೭ರವರೆಗೂ ಟೂರ್ ದ ಫ್ರಾನ್ಸಿನಲ್ಲಿ ಬಿಡುತ್ತಿರಲಿಲ್ಲ. ಅದು ದುರ್ಬಲರ ಊರುಗೋಲೆಂದು ಹಿರಿಯರ ಎಣಿಕೆ. ಮಾಗಡಿಯ ಏರಿನಲ್ಲಿ ನಡು ಮಧ್ಯಾಹ್ನ ಒಂದು ಸಲ ತುಳಿದಿದ್ದರೆ ಆ ಹಿರಿಯರ ಅಭಿಪ್ರಾಯವು ಬದಲಾಗುತ್ತಿದ್ದಿತೋ ಏನೋ. ಹೊಸಬರಲ್ಲಿ ಹಲವರು ಈ ಭಾಗದಲ್ಲಿ ಸೈಕಲ್ಲನ್ನು ಹುಣಿಸೆಮರಕ್ಕೆ ಒರಗಿಸಿ ಕುಳಿತುಬಿಡುವರು. ಎಳನೀರು, ಮಜ್ಜಿಗೆ, ಹಳ್ಳಿಯ ಹೋಟಲಿನ ಮುದ್ದೆ ಸಾರು ಇವುಗಳಿಂದ ಎದ್ದವರೂ ಉಂಟು. ಬಸ್ಸಿನ ಮೇಲೆ ಸೈಕಲ್ಲನ್ನು ಏರಿಸಿದವರೂ ಉಂಟು.

ಸಾವನದುರ್ಗವು ದೂರದಿಂದ ಕಾಣುವಾಗ ಬೆಟ್ಟವೆಂದು ತೋರದೆ, ಹೊಲಗಳ ಮೇಲೆ ಬೋರಲು ಹಾಕಿದ ಒಂದೇ ಬಂಡೆಯಂತೆ ತೋರುತ್ತದೆ. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ. ಫಿರಂಗಿಯ ದಾರಿಗಾಗಿ ಕಡಿದ ಬಿದಿರು ಎಲ್ಲಿದ್ದಿತೋ, ಈಗ ಅಲ್ಲಿ ಕಾಡಿನ ನಡುವಣ ಡಾಂಬರಿನ ರಸ್ತೆಯಿದೆ. ಮಂಚನಬೆಲೆಯ ಕಡೆಗೆ ಇಳಿಯುವ ಈ ರಸ್ತೆಯು ಕಿರಿದಾದುದು, ನೆರಳುಳ್ಳದ್ದು, ವಾಹನಗಳು ವಿರಳವಾದದ್ದು. ಇಡೀ ಹಗಲಿನ ಆಯಾಸಕ್ಕೆ ಸಿಕ್ಕುವ ಸಂಬಳವೆಂದರೆ ಇದೇ. ಅಲ್ಲಿಂದ ದೊಡ್ಡಾಲದ ಮರದವರೆಗೆ ಮತ್ತೆ ಏರು. ಸುಮಾರು ನಾನೂರು ವರ್ಷದ್ದೆಂದು ಹೇಳುವ ಆ ಆಲವು ಮೂರು ಎಕರೆಯಷ್ಟು ಹಬ್ಬಿದೆ. ತಾಯಿಬೇರು ರೋಗ ತಗುಲಿ ಸತ್ತು, ಬಿಳಲುಗಳೇ ಮರವಾಗಿ ನಿಂತಿವೆ.

ಈ ಸುತ್ತು ಮೈಸೂರಿನ ಹೆದ್ದಾರಿಯನ್ನು ಎರಡು ಕಡೆ ಕತ್ತರಿಸುತ್ತದೆ. ರಾಮನಗರದಲ್ಲೊಮ್ಮೆ, ಕೆಂಗೇರಿಯ ಬಳಿ ಮತ್ತೊಮ್ಮೆ. ಪೂರ್ಣಯ್ಯನವರು ಕಾವಲಿಗಾಗಿ ಪೇಟೆ ಕಟ್ಟಿಸಿದ ದಾರಿಯ ವಂಶಸ್ಥನೇ ಇದು. ಹೊಸ ಹೆದ್ದಾರಿಯು ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ಒಂದರಿಂದ ಅದರ ಮುಖ್ಯಪಥದಲ್ಲಿ ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರ್ ಹಾಗೂ ಯಂತ್ರವಿಲ್ಲದ ಎಲ್ಲ ವಾಹನಗಳಿಗೂ ಪ್ರವೇಶವನ್ನು ನಿಷೇಧಿಸಲಾಯಿತು. ಅಪಘಾತಗಳಲ್ಲಿ ಹೋದ ಪ್ರಾಣಗಳನ್ನು ನೆನೆದರೆ ಈ ನಿಷೇಧವನ್ನು ಅನ್ಯಾಯವೆನ್ನುವುದು ಸುಲಭವಲ್ಲ. ಆದರೆ ಒಂದು ಸಂಗತಿಯನ್ನು ಗುರುತಿಸಲೇಬೇಕು. ನಿಧಾನವಾಗಿ ಹೋಗುವವರು ಪಕ್ಕದ ಸೇವಾರಸ್ತೆಗೆ ಸರಿದರು; ಆ ಸೇವಾರಸ್ತೆಯೋ ಎಲ್ಲಿ ಮುಗಿಯುವುದು, ಎಲ್ಲಿ ಎದುರು ದಿಕ್ಕಿನ ಲಾರಿ ಬರುವುದು ಎಂಬುದನ್ನು ಬಲ್ಲವರಿಲ್ಲ. ಹಾಲಿನವನ ಮಗನೂ ಜಯನಗರದ ಇಂಜಿನಿಯರನೂ ಅಲ್ಲಿ ಸಮಾನರು.

ಊರೊಳಗಿನ ಸ್ಥಿತಿಯೂ ಬೇರೆಯಲ್ಲ. ಜಯನಗರದ ಅಗಲವಾದ ಬೀದಿಗಳಲ್ಲಿ ಸೈಕಲ್ಲಿಗೆಂದೇ ಬೇರೆ ಪಥವನ್ನು ಗುರುತುಮಾಡುವ ಪ್ರಯತ್ನವು ಈ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ನಡೆಯಿತು. ಬಣ್ಣವು ಒಣಗುವುದರೊಳಗಾಗಿ ಅದರ ಮೇಲೆ ಕಾರುಗಳು ಬಂದು ನಿಂತುವು. ಇಟಲಿಯಲ್ಲಿ ಇದಕ್ಕೆ ವಿಪರೀತವಾದ ಒಂದು ದೃಷ್ಟಾಂತವುಂಟು. ಸಿಯೆನಾ ನಗರದ ಸುತ್ತಲ ಕಿಯಾಂತಿ ಗುಡ್ಡಗಳಲ್ಲಿ ಬಿಳಿ ಜಲ್ಲಿಯ ಹಳೆಯ ದಾರಿಗಳಿದ್ದುವು. ಅವುಗಳಿಗೆ ಡಾಂಬರು ಬಿದ್ದು ಅಳಿದುಹೋಗುವ ಕಾಲದಲ್ಲಿ, ೧೯೯೭ರಿಂದ ಗಾಯೊಲೆ ಎಂಬ ಸಣ್ಣ ಊರಿನವರು ಹಳೆಯ ಸೈಕಲ್ಲುಗಳ ಮೇಲೆ ಆ ದಾರಿಗಳಲ್ಲಿಯೇ ಹಗಲಿಡೀ ಸುತ್ತುವ ಲೆರೊಯಿಕಾ ಎಂಬ ಉತ್ಸವವನ್ನು ನಡೆಸತೊಡಗಿದರು. ಸವಾರರು ಬಂದುದರಿಂದ ಮಣ್ಣು ದಾರಿಯೇ ಊರಿನ ಸಂಪತ್ತಾಯಿತು, ಉಳಿಯಿತು. ಸಾವನದುರ್ಗದಿಂದ ಮಂಚನಬೆಲೆಗೆ ಇಳಿಯುವ ನೆರಳಿನ ದಾರಿಯನ್ನು ಅಗಲಮಾಡಬೇಕೆಂದು ಯಾರಾದರೂ ಹೊರಟರೆ ಬೇಡವೆನ್ನುವುದಕ್ಕೆ ಇಲ್ಲಿ ಅಂತಹದೊಂದು ಉತ್ಸವವಿಲ್ಲ. ರಜೆಯ ದಿನದ ಹತ್ತಾರು ಸವಾರರೂ, ದಿನವೂ ಅದೇ ದಾರಿಯಲ್ಲಿ ಹುಲ್ಲಿನ ಹೊರೆ ತರುವ ಹಳ್ಳಿಗರೂ ಮಾತ್ರ ಇದ್ದಾರೆ.

ಕೆಂಗೇರಿಯಲ್ಲಿ ವೃಷಭಾವತಿಯನ್ನು ದಾಟಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯವುಳ್ಳ ಈ ಹೊಳೆಯು ನಗರದ ಅರ್ಧದಷ್ಟು ಕೊಳಕನ್ನು ಹೊತ್ತುಕೊಂಡು, ಬೈರಮಂಗಲದ ಕೆರೆಯನ್ನು ಹಾದು, ಕನಕಪುರದ ಕಡೆಗೆ ಹೋಗಿ ಅರ್ಕಾವತಿಯನ್ನು ಸೇರುತ್ತದೆ. ಬೆಳಗ್ಗೆ ಸವಾರನು ಇಳಿದ ಇಳಿಜಾರಿನಲ್ಲಿಯೇ ಅದೂ ಇಳಿಯುತ್ತದೆ. ಅವನು ಸಂಜೆಗೆ ಹಿಂದಿರುಗುತ್ತಾನೆ, ಅದು ಹಿಂದಿರುಗುವುದಿಲ್ಲ. ಮೋಟಾರಿನ ಗಾಜನ್ನು ಏರಿಸಿಕೊಂಡು ಹೋಗುವವರಿಗೆ ತಿಳಿಯದ ಅದರ ವಾಸನೆಯು, ಏದುಸಿರು ಬಿಡುತ್ತ ಸೇತುವೆಯನ್ನು ಹಾಯುವವನಿಗೆ ಪೂರ್ತಿಯಾಗಿ ತಿಳಿಯುತ್ತದೆ.

ಸೇತುವೆಯಾಚೆ ಉತ್ತರಹಳ್ಳಿಯ ಕಡೆಗೆ ಕೊನೆಯ ಏರು. ಬಲಗಡೆ ತುರಹಳ್ಳಿಯ ಬಂಡೆಗಳು ಕಪ್ಪಾಗುತ್ತಿರುತ್ತವೆ. ಕಾಲಿನಲ್ಲಿ ಬಲವುಳ್ಳವರು ಒಂದೇ ಉಸಿರಿಗೆ ಏರುತ್ತಾರೆ. ಇಲ್ಲದವರು ಹಿಂದಿನ ಹಾಲಿನವರಂತೆ ಇಳಿದು ತಳ್ಳುತ್ತಾರೆ. ಬನಶಂಕರಿಯ ಗುಡಿಯ ಮುಂದೆ ಹಗಲೆಲ್ಲ ಉರಿದ ನಿಂಬೆಹಣ್ಣಿನ ಸೊಡರುಗಳ ಎಣ್ಣೆಯ ವಾಸನೆ ಬರುವ ಹೊತ್ತಿಗೆ ಬೀದಿಯ ದೀಪಗಳು ಹತ್ತಿಕೊಂಡಿರುತ್ತವೆ.